ಬೃಹತ್ ಕಾದಂಬರಿಗಳ ಪರಿಚಯದಲ್ಲಿ ಓದುಗರಿಗೆ ಬೇಕಾದ ವಿವರವೂ ಇರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪುಸ್ತಕ ಪುಟದಲ್ಲಿ ಆಗಾಗ ‘ಓದಲೇಬೇಕಾದ ಬೃಹತ್ ಕಾದಂಬರಿಗಳು’ ಎಂಬ ಪಟ್ಟಿ ಬರುತ್ತದೆ. ಕೃತಿಯ ಹೆಸರು, ಲೇಖಕರ ಹೆಸರು, ನೊಬೆಲ್ ಬಂದಿದ್ದರೆ ಅದರ ವರ್ಷ, ನಾಲ್ಕು ಸಾಲಿನ ಮೆಚ್ಚುಗೆ, ಅಲ್ಲಿಗೆ ಮುಗಿಯಿತು. ಅದನ್ನು ನಂಬಿ ಮೂರು ನಾಲ್ಕು ಸಂಪುಟಗಳ ಕುಟುಂಬ ಕಥನವೊಂದನ್ನು ಹಿಡಿದವರಲ್ಲಿ ಅನೇಕರು ಎರಡನೆಯ ಸಂಪುಟ ಮುಟ್ಟುವ ಮೊದಲೇ ಬಿಟ್ಟುಬಿಡುತ್ತಾರೆ. ‘ನಮಗೆ ತಾಳ್ಮೆ ಸಾಲದು’ ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ತಾಳ್ಮೆಯ ಮಾತು ಆಮೇಲೆ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ಮಾಲೆಯ ನಡುವಿನ ಪುಸ್ತಕ ಮೊದಲು ಕೈಗೆ ಬಂದಿರುತ್ತದೆ, ಅಥವಾ ಸಿಕ್ಕಿದ್ದು ಅಲ್ಲಲ್ಲಿ ಕತ್ತರಿಸಿದ ಹಳೆಯ ಅನುವಾದವಾಗಿರುತ್ತದೆ, ಅಥವಾ ಮೊದಲ ಅಧ್ಯಾಯದಲ್ಲೇ ಇಪ್ಪತ್ತು ಮೂವತ್ತು ಹೆಸರು ಒಟ್ಟಿಗೆ ಮೈಮೇಲೆ ಬಿದ್ದು, ಯಾರು ಯಾರ ಮಗ ಎಂಬುದೇ ತಲೆಗೆ ಹತ್ತಿರುವುದಿಲ್ಲ. ಮೂರೂ ಮೊದಲೇ ತಿಳಿದಿದ್ದರೆ ತಪ್ಪಿಸಬಹುದಾದ ತೊಡಕುಗಳು. ಅವುಗಳ ಬಗ್ಗೆ ತುಸು ವಿವರವಾಗಿ ಬರೆಯಲು ಅವಕಾಶ ಕೊಡಿ.

ಹುಡುಕುವಾಗಲೇ ಒಂದು ಗೊಂದಲ ಎದುರಾಗುತ್ತದೆ. ಸಂಪುಟ ಹಲವು ಇದ್ದಮಾತ್ರಕ್ಕೆ ಅದು ಕುಟುಂಬದ ಕಥೆಯಲ್ಲ. ಫ್ರೆಂಚರು ಇಂಥ ಉದ್ದನೆಯ ಮಾಲೆಗಳಿಗೆ ‘ನದಿ ಕಾದಂಬರಿ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ರೊಮೇನ್ ರೋಲಾ ಅವರ ‘ಜಾನ್ ಕ್ರಿಸ್ತೋಫ್’ 1904ರಿಂದ 1912ರವರೆಗೆ 10 ಸಂಪುಟಗಳಲ್ಲಿ ಬಂತು. ಅದು ಒಬ್ಬ ಸಂಗೀತಗಾರನ ಬಾಳು. ಮಾರ್ಸೆಲ್ ಪ್ರೂಸ್ತ್ ಅವರ 7 ಸಂಪುಟ, ಆಂಥೊನಿ ಪೊವೆಲ್ ಅವರ 12 ಸಂಪುಟ ಕೂಡ ಇದೇ ಬಗೆಯವು. ಇವುಗಳ ಹಿರಿಮೆ ದೊಡ್ಡದು. ಆದರೆ ಅಜ್ಜಿಯ ಹಟ ಮೊಮ್ಮಗಳಲ್ಲಿ ತಲೆಯೆತ್ತುವುದನ್ನು, ಒಂದು ಮನೆ ಕಟ್ಟಿದವರ ಕಣ್ಣೆದುರಿಗೋ ಅವರ ಮಕ್ಕಳ ಕಾಲಕ್ಕೋ ಕೈಬಿಟ್ಟು ಹೋಗುವುದನ್ನು ಬಯಸಿ ಹೊರಟವರಿಗೆ ಇಲ್ಲಿ ಅದು ಸಿಗದು. ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರಿಂದ ಲಚ್ಚನಿಗೆ, ಲಚ್ಚನಿಂದ ರಾಮನಿಗೆ ಕಥೆ ದಾಟುವಾಗ ಯಾರ ಮನಸ್ಸು ಬಿಗಿಯಾಯಿತೋ, ಅವರು ಹುಡುಕಬೇಕಾದದ್ದು ತಲೆಮಾರು ಬದಲಾಗುವ ಕಾದಂಬರಿಯನ್ನು. ಬೆನ್ನುಡಿಯಲ್ಲಿ ‘ಮೂರು ತಲೆಮಾರು’, ‘ನಾಲ್ಕು ತಲೆಮಾರು’ ಎಂಬ ಮಾತಿದೆಯೇ ಎಂದು ಮೊದಲು ನೋಡಬೇಕು. ಸಂಪುಟ ಎಷ್ಟು ಎಂಬುದು ಆಮೇಲಿನ ಪ್ರಶ್ನೆ.

ಎರಡನೆಯದು, ಸಂಪುಟಗಳ ನಡುವಿನ ಸಂಬಂಧ ಎಂಥದು ಎಂಬುದು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ನಗೀಬ್ ಮಹಫೂಜ್ ಅವರ ಕೈರೋ ತ್ರಿವಳಿ ಅಚ್ಚಾದದ್ದು 1956–57ರಲ್ಲಿ. ಅವರು ಬರೆದದ್ದು ಒಂದೇ ಕಾದಂಬರಿ. ತೀರಾ ದಪ್ಪವಾಯಿತೆಂದು ಅದನ್ನು ಮೂರಾಗಿ ಒಡೆದರು. ಕೈರೋದ ಬೀದಿಗಳ ಹೆಸರನ್ನೇ ಮೂರಕ್ಕೂ ಇಟ್ಟಿದ್ದಾರೆ. ಆದ್ದರಿಂದ ಮೊದಲನೆಯದನ್ನು ಓದಿ ‘ಇದು ಮುಗಿಯಲೇ ಇಲ್ಲವಲ್ಲ’ ಎಂದು ಗೊಣಗುವುದು ಸಲ್ಲದು. ಮುಗಿಯುವುದು ಮೂರನೆಯದರ ಕೊನೆಗೆ. ಜಾನ್ ಗಾಲ್ಸ್‌ವರ್ದಿ ಅವರ ಫೋರ್ಸೈಟ್ ಕಥೆ ಬೇರೆ ಬಗೆಯದು. ಮೊದಲ ಕಾದಂಬರಿ 1906ರಲ್ಲಿ ಬಂದಾಗ ಅದು ತನ್ನಷ್ಟಕ್ಕೆ ಪೂರ್ಣ. ಎರಡನೆಯದು ಬಂದದ್ದು 14 ವರ್ಷಗಳ ನಂತರ, 1920ರಲ್ಲಿ, ಮೂರನೆಯದು 1921ರಲ್ಲಿ. 1922ರಲ್ಲಿ ಮೂರನ್ನೂ, ನಡುವಿನ ಎರಡು ಸಣ್ಣ ಕಥನಗಳೊಂದಿಗೆ, ಒಟ್ಟುಗೂಡಿಸಿ ‘ಫೋರ್ಸೈಟ್ ಸಾಗಾ’ ಎಂದರು. ಬಿಡಿ ಸಂಪುಟಗಳನ್ನು ಕೂಡಿಹಾಕುವವರು ಆ ಎರಡು ಸಣ್ಣ ಕಥನಗಳನ್ನು ತಪ್ಪಿಸಿಕೊಳ್ಳುತ್ತಾರೆ. ಅವೆರಡರಲ್ಲಿ ಮೊದಲನೆಯದನ್ನು ಬಿಟ್ಟರೆ ಮನೆತನದ ಮುದುಕ, ಹಿರಿಯ ಜೋಲಿಯನ್‌ನ ಕೊನೆಯ ಬೇಸಿಗೆಯನ್ನೇ ಬಿಟ್ಟಂತೆ. ಇದಾದ ಮೇಲೆ ಇನ್ನೂ ಎರಡು ತ್ರಿವಳಿಗಳಿವೆ, ಒಟ್ಟು 9 ಕಾದಂಬರಿ. ಕೊನೆಯ ತ್ರಿವಳಿಯ ಭಾರವೆಲ್ಲ ನಂಟಸ್ತಿಕೆಯ ಇನ್ನೊಂದು ಕುಟುಂಬದ ಮೇಲಿದೆ. ಹೀಗಾಗಿ ಮೊದಲ ಆರನ್ನು ಓದಿ ನಿಲ್ಲಿಸಿದರೂ ಏನೂ ಕಳೆದುಕೊಂಡಂತಾಗದು.

ಎಮಿಲ್ ಜೋಲಾ ಅವರದು ಮೂರನೆಯ ಬಗೆ. ರುಗೋನ್ ಮಕಾರ್ ಮಾಲೆಯಲ್ಲಿ 1871ರಿಂದ 1893ರವರೆಗೆ 20 ಕಾದಂಬರಿಗಳು ಬಂದವು. ಒಂದೇ ಮೂಲದ ಮಕ್ಕಳು ಮೊಮ್ಮಕ್ಕಳು ಗಣಿ, ರೈಲು, ಅಂಗಡಿ, ಹೊಲ ಎಂದು ಚದುರಿಹೋಗುತ್ತಾರೆ. ಪ್ರತಿ ಪುಸ್ತಕಕ್ಕೂ ತನ್ನದೇ ಆದಿ, ತನ್ನದೇ ಅಂತ್ಯ. ಇದನ್ನು ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಓದುತ್ತೇನೆಂದು ಹೊರಟವರು ನಡುವೆ ಬಳಲುತ್ತಾರೆ. ‘ಲಾಸೊಮ್ವಾರ್’ (1877) ಇಂದ ಶುರುಮಾಡಿ, ಅದರ ನಾಯಕಿ ಜರ್ವೇಜ್‌ಳ ಮಕ್ಕಳ ಬೆನ್ನುಹತ್ತುವುದು ಸುಲಭದ ದಾರಿ: ಮಗಳ ಕಥೆ ‘ನಾನಾ’, ಎತಿಯೆನ್‌ನದು ‘ಜೆರ್ಮಿನಾಲ್’, ಕ್ಲೋದ್‌ನದು ಚಿತ್ರಕಾರನ ಕಥೆ. ಒಂದು ಎಚ್ಚರಿಕೆ ಬೇಕು. ರೈಲಿನ ಕಾದಂಬರಿಯ ನಾಯಕ ಝಾಕ್ ಕೂಡ ಅವಳ ಮಗನೇ, ಆದರೆ ‘ಲಾಸೊಮ್ವಾರ್’ನಲ್ಲಿ ಅವನ ಸುಳಿವೇ ಇಲ್ಲ. 1890ರ ಪುಸ್ತಕಕ್ಕಾಗಿ ಜೋಲಾ ಅವನನ್ನು ಹೊಸದಾಗಿ ಸೇರಿಸಿದರು. ಓದಿದ್ದು ಮರೆತುಹೋಯಿತೇ ಎಂದು ಹಿಂದಿನ ಪುಟಗಳನ್ನು ತಿರುವಿಹಾಕುವ ಶ್ರಮ ಬೇಡ. ಇಪ್ಪತ್ತನೆಯ ಪುಸ್ತಕವನ್ನು ಮಾತ್ರ ಕೊನೆಗೇ ಇಟ್ಟುಕೊಳ್ಳಬೇಕು. ಇಡೀ ವಂಶದ ಲೆಕ್ಕಾಚಾರ ಅಲ್ಲಿದೆ, ಮೊದಲೇ ಓದಿದರೆ ಉಳಿದವುಗಳ ಗುಟ್ಟು ಹೊರಬೀಳುತ್ತದೆ.

ಜೋಲಾ ಅವರಂಥ ಬಿಡಿ ಕಥೆಗಳ ಮಾಲೆಯನ್ನು ಬಿಟ್ಟರೆ, ಓದುವ ಅನುಕ್ರಮದ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಅಚ್ಚಾದ ಕ್ರಮದಲ್ಲೇ ಓದಬೇಕು. ಮಾಜೋ ಡಿ ಲಾ ರೋಶ್ ಅವರ ‘ಜಾಲ್ನಾ’ ಮಾಲೆಯಲ್ಲಿ 16 ಪುಸ್ತಕಗಳಿವೆ, 1927ರಿಂದ 1960ರವರೆಗೆ. ಕಥೆಯ ಕಾಲ ಹಿಡಿದು ಜೋಡಿಸಿದರೆ ಮೊದಲು ಬರುವುದು ಜಾಲ್ನಾ ಎಂಬ ಆ ಮನೆ ಕಟ್ಟಿದ ಕಥೆ. ಅದು ಅಚ್ಚಾದದ್ದು 1944ರಲ್ಲಿ. ಅಲ್ಲಿಂದ ಶುರುಮಾಡಿದವರಿಗೆ ಒಂದು ನಷ್ಟವಿದೆ. 1927ರ ಪುಸ್ತಕದಲ್ಲಿ ಮುದುಕಿ ಅಡಲೀನ್ ಮನೆತುಂಬ ಜನರನ್ನು ಆಳುತ್ತ ಕುಳಿತಿರುತ್ತಾಳೆ. ಅವಳನ್ನು ಹಾಗೆ ಕಂಡ ನಂತರ ಹರೆಯದ ಅಡಲೀನ್‌ಳನ್ನು ನೋಡಿದರೆ ಸಿಗುವ ಬೆರಗು, ಹಿಂದುಮುಂದಾದರೆ ಸಿಗದು. ಹಿಂದಿನ ಕಥೆಯನ್ನು ಆಮೇಲೆ ಬರೆದ ಲೇಖಕರೆಲ್ಲ, ಓದುಗರಿಗೆ ಮುಂದಿನದು ಗೊತ್ತಿದೆ ಎಂದೇ ಬರೆದಿರುತ್ತಾರೆ.

ಮಾಲೆ ಮುಗಿದಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಎಲಿಜಬೆತ್ ಜೇನ್ ಹೋವರ್ಡ್ ಅವರ ಕ್ಯಾಜಲೆಟ್ ಕುಟುಂಬದ ನಾಲ್ಕು ಸಂಪುಟಗಳು 1990–1995ರ ನಡುವೆ ಬಂದವು, ಐದನೆಯದು 18 ವರ್ಷಗಳ ನಂತರ 2013ರಲ್ಲಿ. ಹಳೆಯ ಮುದ್ರಣಗಳ ರಕ್ಷಾಪುಟದಲ್ಲಿ ‘ನಾಲ್ಕನೆಯ ಹಾಗೂ ಕೊನೆಯ’ ಎಂಬ ಅರ್ಥದ ಮಾತು ಕಂಡರೆ ಅದನ್ನು ಅಷ್ಟಕ್ಕೇ ನಂಬಬಾರದು.

ಅನುವಾದದ ಮಾತಿಗೆ ಬಂದರೆ ಹೇಳಬೇಕಾದದ್ದು ಬಹಳ. ಸಿಗ್ರಿಡ್ ಉಂಡ್ಸೆಟ್ ಅವರ ‘ಕ್ರಿಸ್ಟಿನ್ ಲಾವ್ರಾನ್ಸ್‌ದಾಟರ್’ ಹದಿನಾಲ್ಕನೆಯ ಶತಮಾನದ ನಾರ್ವೆಯ ಒಬ್ಬ ಹೆಣ್ಣುಮಗಳ ಮೂರು ಸಂಪುಟಗಳ ಕಥೆ. ಮೂಲ ಬಂದದ್ದು 1920, 1921, 1922ರಲ್ಲಿ. 1920ರ ದಶಕದಲ್ಲೇ ಆದ ಇಂಗ್ಲಿಷ್ ಅನುವಾದ ಬೇಕೆಂದೇ ಹಳಗಾಲದ ಭಾಷೆಯನ್ನು ತೊಡಿಸಿತು, ಕೆಲವು ಭಾಗಗಳನ್ನು ಬಿಟ್ಟೂಬಿಟ್ಟಿತು. ಉಂಡ್ಸೆಟ್ ಅವರ ನಾರ್ವೇಜಿಯನ್ ನೇರವಾದದ್ದು. ಟೀನಾ ನನ್ನಲಿ 1997–2000ರಲ್ಲಿ ಮಾಡಿದ ಅನುವಾದ ಆ ನೇರ ಗತಿಯನ್ನು ಮರಳಿಸಿತು, ಬಿಟ್ಟುಹೋದ ಭಾಗಗಳನ್ನೂ ಸೇರಿಸಿತು. ಇಲ್ಲೊಂದು ಬಲೆ ಇದೆ: ಎರಡು ಅನುವಾದಗಳಲ್ಲಿ ಮೊದಲ ಎರಡು ಸಂಪುಟಗಳ ಹೆಸರೇ ಬೇರೆ. ಹಳೆಯದರಲ್ಲಿ ಎರಡನೆಯ ಸಂಪುಟದ ಹೆಸರು ‘ದಿ ಮಿಸ್ಟ್ರೆಸ್ ಆಫ್ ಹುಸಾಬಿ’, ಹೊಸದರಲ್ಲಿ ‘ದಿ ವೈಫ್’. ಬೇರೆ ಬೇರೆ ಪುಸ್ತಕವೆಂದು ತಿಳಿದು ಎರಡನ್ನೂ ತರುವವರಿದ್ದಾರೆ; ಮೊದಲನೆಯದನ್ನು ಹೊಸ ಅನುವಾದದಲ್ಲಿ, ಎರಡನೆಯದನ್ನು ಹಳೆಯದರಲ್ಲಿ ಓದಿ ‘ಲೇಖಕಿ ಯಾಕೆ ಹೀಗೆ ಭಾಷೆ ಬದಲಿಸಿದರು’ ಎಂದು ಬೇಸರಪಡುವವರೂ ಇದ್ದಾರೆ. ಚೀನಾದ ‘ಕೆಂಪು ಮಹಲಿನ ಕನಸು’ ಕೂಡ ಹಾಗೆಯೇ. ಡೇವಿಡ್ ಹಾಕ್ಸ್ ಮತ್ತು ಜಾನ್ ಮಿನ್‌ಫರ್ಡ್ ಮಾಡಿದ 5 ಸಂಪುಟಗಳ ಅನುವಾದದ ಹೆಸರು ‘ದಿ ಸ್ಟೋರಿ ಆಫ್ ದಿ ಸ್ಟೋನ್’. 120 ಅಧ್ಯಾಯ ಇದ್ದರೆ ಪೂರ್ಣ; ತೆಳ್ಳಗಿನ ಒಂದೇ ಸಂಪುಟ ಸಿಕ್ಕರೆ ಅದು ಸಂಕ್ಷೇಪ.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪ್ರತಿಗಳೆಲ್ಲ ಹೆಚ್ಚುಕಡಿಮೆ ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದಗಳು. ಜೋಲಾ ವಿಷಯದಲ್ಲಿ ಇದು ಮುಖ್ಯ. ಅವರ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಕ್ಕೆ ಹೆನ್ರಿ ವಿಜೆಟೆಲಿ ಅಶ್ಲೀಲತೆಯ ಆರೋಪದ ಮೇಲೆ 1889ರಲ್ಲಿ ಜೈಲಿಗೆ ಹೋಗಬೇಕಾಯಿತು. ಆ ಕಾಲದ ಅನುವಾದಗಳಲ್ಲಿ ಕತ್ತರಿ ಆಡಿರುವುದಕ್ಕೆ ಕಾರಣ ಬೇರೆ ಹೇಳಬೇಕಿಲ್ಲ. ಆದ್ದರಿಂದ ಯಾವ ಪ್ರತಿ ಕೈಗೆ ಬಂದರೂ ಶೀರ್ಷಿಕೆ ಪುಟದ ಹಿಂಬದಿ ತಿರುವಿ ಅನುವಾದಕರ ಹೆಸರು, ವರ್ಷ, ‘ಸಂಕ್ಷಿಪ್ತ’ ಎಂಬ ಪದ ಇದೆಯೇ ಎಂದು ನೋಡಬೇಕು. ಅನುವಾದಕರ ಹೆಸರೇ ಇಲ್ಲದ ಪ್ರತಿಯನ್ನು ಕೆಳಗಿಡುವುದು ಒಳ್ಳೆಯದು. ಎಲ್ಲ ಸಂಪುಟಗಳನ್ನು ಸೇರಿಸಿ ಒಂದೇ ಆಗಿ ಕಟ್ಟಿದ ಪ್ರತಿಗಳು ಅಗ್ಗವೇನೋ ಹೌದು, ಆದರೆ 1,000 ಪುಟ ಮೀರಿದ ಅಂಟಿನ ಕಟ್ಟು ನಡುವೆ ಬಿರಿಯುತ್ತದೆ, ಒಳಅಂಚಿನ ಅಕ್ಷರ ಕಾಣಲು ಪುಸ್ತಕವನ್ನು ಒತ್ತಿ ಹಿಡಿಯಬೇಕಾಗುತ್ತದೆ. ಬಿಡಿ ಸಂಪುಟಗಳು ಕೈಗೂ ಕಣ್ಣಿಗೂ ಹಿತ, ಎಲ್ಲವೂ ಒಬ್ಬರೇ ಅನುವಾದಿಸಿದ್ದಾಗಿರಬೇಕು ಅಷ್ಟೆ.

ಇನ್ನು ಹೆಸರುಗಳ ಕಾಟ. ಕುಟುಂಬ ಕಾದಂಬರಿಗಳು ಹೆಚ್ಚಾಗಿ ದೊಡ್ಡ ಕೂಟದಿಂದ ಶುರುವಾಗುತ್ತವೆ, ಏಕೆಂದರೆ ಎಲ್ಲರನ್ನೂ ಒಂದೇ ಸೂರಿನಡಿ ತೋರಿಸಲು ಲೇಖಕರಿಗೆ ಅದಕ್ಕಿಂತ ಸುಲಭದ ಉಪಾಯವಿಲ್ಲ. ಥಾಮಸ್ ಮಾನ್ ಅವರ ‘ಬುಡನ್‌ಬ್ರೂಕ್ಸ್’ 1901ರಲ್ಲಿ ಎರಡು ಸಂಪುಟಗಳಾಗಿ ಬಂದ ಕಾದಂಬರಿ. ಅದರ ಇಡೀ ಮೊದಲ ಭಾಗ 1835ರ ಅಕ್ಟೋಬರ್‌ನ ಒಂದೇ ಸಂಜೆಯ ಔತಣ. ಫೋರ್ಸೈಟ್ ಕಥೆ ತೆರೆದುಕೊಳ್ಳುವುದು 1886ರ ಜೂನ್ 15ರಂದು, ಜೂನ್ ಎಂಬ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಬಂಧುಗಳೆಲ್ಲ ಸೇರಿದಾಗ. ಓದುಗರು ಕಾಗದ ಪೆನ್ಸಿಲ್ ಹಿಡಿದು ಬಂದವರೆಲ್ಲರ ಹೆಸರು ಬರೆಯತೊಡಗುತ್ತಾರೆ, ಹತ್ತು ಪುಟದೊಳಗೆ ಸೋಲುತ್ತಾರೆ. ಮೊದಲ ಸಲ ಬಂದ ಹೆಸರನ್ನು ಬರೆಯಲೇಬಾರದು. ಎರಡನೆಯ ಸಲ, ಬೇರೊಂದು ಅಧ್ಯಾಯದಲ್ಲಿ ಮರಳಿ ಬಂದಾಗ ಮಾತ್ರ ಬರೆಯಬೇಕು. ಕೂಟದ ಅರ್ಧ ಮಂದಿ ಹೀಗೆ ತಾವಾಗಿಯೇ ಉದುರಿಹೋಗುತ್ತಾರೆ.

ಕೂಟದಲ್ಲಿ ನೋಡಬೇಕಾದದ್ದು ಎರಡೇ. ಒಂದು, ಅಲ್ಲಿರುವ ಮಗು. ‘ಬುಡನ್‌ಬ್ರೂಕ್ಸ್’ನಲ್ಲಿ ಎಂಟು ವರ್ಷದ ಟೋನಿ ಅಜ್ಜನ ತೊಡೆಯ ಮೇಲೆ ಕೂತು ಧರ್ಮಪಾಠ ಒಪ್ಪಿಸುತ್ತಿರುತ್ತಾಳೆ. ಉಳಿದವರೆಲ್ಲ ಮಸುಕಾದರೂ ಅವಳ ಕೈ ಬಿಡದಿದ್ದರೆ ಸಾಕು, ಕೊನೆಯ ಪುಟದವರೆಗೂ ಅವಳು ಕರೆದೊಯ್ಯುತ್ತಾಳೆ. ಮಹಫೂಜ್‌ರಲ್ಲಿ ಪುಟ್ಟ ಕಮಾಲ್ ಹೀಗೆಯೇ. ದೀರ್ಘ ಕಥೆ ಹೇಳುವವರು ದಾರ ಕಟ್ಟುವುದು ಮಗುವಿಗೆ, ಏಕೆಂದರೆ ಮೂರು ಸಂಪುಟದ ಕಾಲ ಬದುಕಿರಬೇಕಾದವರು ಅವರು. ಇನ್ನೊಂದು, ಹೊರಗಿನವರು. ಫೋರ್ಸೈಟರ ಕೂಟದಲ್ಲಿ ಮಗುವಿಲ್ಲ, ಹ್ಯಾಟ್ ಇದೆ. ಮದುವೆಗಂಡು ಬಾಸಿನಿ ಈ ಮೊದಲು ವೃದ್ಧ ಅತ್ತೆಯರನ್ನು ನೋಡಲು ಬಂದಾಗ ಧೂಳು ಹಿಡಿದ, ಆಕಾರಗೆಟ್ಟ, ಮೆತ್ತನೆಯ ಬೂದು ಹ್ಯಾಟ್ ಹಾಕಿಕೊಂಡಿದ್ದ. ಆ ಹ್ಯಾಟ್‌ನ ಮಾತು ಮನೆಮನೆ ಸುತ್ತಿದೆ. ಈ ಮನೆತನ ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಆ ಹ್ಯಾಟ್ ಒಂದೇ ಹೇಳುತ್ತದೆ. ಅದನ್ನು ಹಿಡಿದರೆ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರು ತಾನಾಗಿ ಕೂರುತ್ತದೆ.

ಹಾಳೆಯಲ್ಲಿ ಬರೆಯುವ ರೀತಿಯೂ ಇದೆ. ಹಾಳೆಯನ್ನು ಅಡ್ಡ ಹಿಡಿದು, ಬದುಕಿರುವ ಅತಿ ಹಿರಿಯರನ್ನು ಮೇಲೆ ಬರೆದು ಅವರಿಗೆ 1 ಎಂದು ಗುರುತು ಹಾಕಿ. ಅವರ ಮಕ್ಕಳೆಲ್ಲ 2, ಮೊಮ್ಮಕ್ಕಳು 3. ಹೆಸರಿನ ಪಕ್ಕ ತಲೆಮಾರಿನ ಅಂಕಿ, ಮೊದಲು ಕಂಡ ಪುಟ, ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಸಾಕು. ಅಂಕಿ ಯಾಕೆಂದರೆ ಅಜ್ಜನ ಹೆಸರು ಮೊಮ್ಮಗನಿಗೆ ಬಂದೇ ಬರುತ್ತದೆ. ಕ್ರಿಸ್ಟಿನ್‌ಳ ಹಿರಿಯ ಮಗ ನಿಕುಲಾಸ್ ತಂದೆಯ ತಂದೆಯ ಹೆಸರಿನವನು, ಇನ್ನೊಬ್ಬ ಮಗ ಲಾವ್ರಾನ್ಸ್ ತಾಯಿಯ ತಂದೆಯ ಹೆಸರಿನವನು. ಚೀನೀ ಕಾದಂಬರಿಯಲ್ಲಿ ಒಂದು ತಲೆಮಾರಿನ ಗಂಡಸರ ಹೆಸರುಗಳನ್ನು ಹೆಚ್ಚಾಗಿ ಅಕ್ಷರದೊಳಗಿನ ಒಂದೇ ಗುರುತು ಬೆಸೆಯುತ್ತದೆ. ಬೇರೆ ಲಿಪಿಗೆ ಬಂದಾಗ ಆ ಗುರುತು ಅಳಿಸಿಹೋಗಿ ಜಿಯಾ ಜೆನ್, ಜಿಯಾ ಜೆಂಗ್ ಎಂಬ ಸದ್ದು ಮಾತ್ರ ಉಳಿಯುತ್ತದೆ. ಮೂಲದವರಿಗೆ ಕಣ್ಣಿಗೇ ಕಾಣುತ್ತಿದ್ದದ್ದನ್ನು ನಾವು ಅಂಕಿ ಹಾಕಿ ತುಂಬಿಕೊಳ್ಳಬೇಕು.

ಪುಸ್ತಕದ ಆರಂಭದಲ್ಲೇ ವಂಶವೃಕ್ಷ ಅಚ್ಚಾಗಿದ್ದರೆ ಈ ಕೆಲಸ ಯಾಕೆ ಎಂದು ಕೇಳಬಹುದು. ಅಚ್ಚಾದ ವೃಕ್ಷ ಮದುವೆಗಳನ್ನೂ ಸಾವಿನ ವರ್ಷಗಳನ್ನೂ ಮೊದಲೇ ಹೇಳಿಬಿಡುತ್ತದೆ. ಯಾರಿಗೆ ಎರಡನೆಯ ಮದುವೆ, ಯಾರಿಗೆ ಸಂತಾನವಿಲ್ಲ ಎಂಬುದು ಮೊದಲ ದಿನವೇ ತಿಳಿದರೆ 300 ಪುಟಗಳ ಕಾತರ ಸತ್ತಂತೆ. ಅದರ ಮೇಲೆ ಕಾಗದ ಅಂಟಿಸಿ ಮುಚ್ಚಿಡಿ ಎಂದರೂ ಅತಿಯಾಗದು. ವಿದ್ವಾಂಸರ ಮುನ್ನುಡಿಗಳದೂ ಇದೇ ತೊಂದರೆ. ಅವನ್ನು ಹಿನ್ನುಡಿಯೆಂದು ತಿಳಿದು ಕೊನೆಗೆ ಓದಬೇಕು. ಕೇಳುಪುಸ್ತಕದಲ್ಲಿ ಹೆಸರುಗಳು ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಮೊದಲ ಸಂಪುಟವನ್ನಾದರೂ ಕಣ್ಣಿನಿಂದಲೇ ಓದುವುದು ಮೇಲು.

ಕೃತಿ ನಮಗೆ ಹಿಡಿಸುತ್ತದೆಯೇ ಎಂದು ತಿಳಿಯುವುದು ಹೇಗೆ? ಮೊದಲ ಇಪ್ಪತ್ತು ಪುಟದಿಂದ ತಿಳಿಯದು. ಕಥೆ ಮೊದಲ ಸಲ ವರ್ಷಗಳನ್ನು ಹಾರುವವರೆಗೆ ಓದಬೇಕು. ಅದು 40ನೆಯ ಪುಟದಲ್ಲಿ ಬರಬಹುದು, 100ರಲ್ಲಿ ಬರಬಹುದು. ‘ಬುಡನ್‌ಬ್ರೂಕ್ಸ್’ನಲ್ಲಿ ಔತಣ ಮುಗಿದು ಎರಡನೆಯ ಭಾಗ ತೆರೆದಾಗ ಕಾಲ 1838ಕ್ಕೆ ಬಂದಿರುತ್ತದೆ. ಟೋನಿಯ ತಂದೆ ಚಿನ್ನದಂಚಿನ ಮನೆತನದ ಪುಸ್ತಕ ತೆಗೆದು ಇನ್ನೊಬ್ಬ ಮಗಳು ಹುಟ್ಟಿದ್ದನ್ನು ಬರೆಯುತ್ತಿರುತ್ತಾನೆ. ಆ ಜಿಗಿತದ ಬಳಿಕ ‘ಅವರೇನಾದರು’ ಎಂದು ಹಿಂದಿನ ಭಾಗದ ಒಬ್ಬರ ಬಗ್ಗೆಯಾದರೂ ಮನಸ್ಸು ಕೇಳಿದರೆ ಮುಂದುವರಿಯಬೇಕು. ಯಾರ ನೆನಪೂ ಬಾರದಿದ್ದರೆ ಸಂಕೋಚವಿಲ್ಲದೆ ಬಿಡಬಹುದು. ಇಂಥ ಕಾದಂಬರಿಯ ಸುಖವೆಲ್ಲ ಪಾತ್ರಗಳು ಮರೆತದ್ದನ್ನು ನಾವು ನೆನಪಿಟ್ಟುಕೊಳ್ಳುವುದರಲ್ಲಿದೆ. ಅದೇ ಕಾದಂಬರಿಯಲ್ಲಿ, ನೂರಾರು ಪುಟಗಳ ನಂತರ, ಮನೆಯ ಕೊನೆಯ ಹುಡುಗ ಆ ಮನೆತನದ ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಇನ್ನು ಮುಂದೆ ಏನೂ ಬರುವುದಿಲ್ಲ ಅಂದುಕೊಂಡೆ ಎನ್ನುತ್ತಾನೆ. ಚಿನ್ನದಂಚು ನೆನಪಿದ್ದವರಿಗೆ ಆ ಎರಡು ಗೆರೆ ಎದೆಯ ಮೇಲೆ ಎಳೆದಂತಿರುತ್ತದೆ.

ವೇಗದ ಲೆಕ್ಕ ಸರಳ. ಕೈರೋ ತ್ರಿವಳಿ ಇಂಗ್ಲಿಷಿನಲ್ಲಿ ಸುಮಾರು 1,300 ಪುಟ. ದಿನಕ್ಕೆ 25 ಪುಟದಂತೆ 52 ದಿನ. ವಾರಕ್ಕೊಮ್ಮೆ ಕೂತು 150 ಪುಟ ಓದುವುದಕ್ಕಿಂತ ದಿನಾ 25 ಮೇಲು, ವಾರದ ಅಂತರದಲ್ಲಿ ಮೊದಲು ಜಾರುವುದು ಹೆಸರುಗಳೇ. ಸಂಪುಟದಿಂದ ಸಂಪುಟಕ್ಕೆ ಹದಿನೈದು ದಿನಕ್ಕಿಂತ ಹೆಚ್ಚು ಬಿಡುವಾದರೆ ಹಿಂದಿನದರ ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ಮುಂದಿನದನ್ನು ತೆರೆಯಬೇಕು. ಗ್ರಂಥಾಲಯದಿಂದ ತರುವವರು ಎರಡು ಮೂರನೆಯ ಸಂಪುಟಗಳು ಅಲ್ಲಿ ಇವೆಯೇ ಎಂದು ಮೊದಲೇ ಕೇಳಿಕೊಳ್ಳಲಿ. ಮೊದಲ ಸಂಪುಟ ಮಾತ್ರ ಸವೆದು, ಉಳಿದವು ಕಪಾಟಿನಲ್ಲೇ ಇಲ್ಲದಿರುವುದು ಸಾಮಾನ್ಯ.

ಮೊದಲ ಸಲ ಕೈಹಾಕುವವರಿಗೆ ಯಾವುದು? ಭಾರತದ ಕೃತಿಯೇ ಬೇಕೆಂದರೆ ಆಶಾಪೂರ್ಣಾ ದೇವಿ ಅವರ ಬಂಗಾಳಿ ತ್ರಿವಳಿಗಿಂತ ಒಳ್ಳೆಯ ಬಾಗಿಲು ನಮಗೆ ಕಾಣುವುದಿಲ್ಲ: ‘ಪ್ರಥಮ್ ಪ್ರತಿಶ್ರುತಿ’ (1964), ‘ಸುವರ್ಣಲತಾ’ (1967), ‘ಬಕುಲ್ ಕಥಾ’ (1974). ತಾಯಿ ಸತ್ಯವತಿ, ಮಗಳು ಸುವರ್ಣಲತಾ, ಮೊಮ್ಮಗಳು ಬಕುಲ್. ಒಂದು ಸಂಪುಟಕ್ಕೆ ಒಬ್ಬಳು. ಹೆಸರಿನ ಗೊಂದಲವಿಲ್ಲ, ಅನುಕ್ರಮದ ಅನುಮಾನವಿಲ್ಲ. ಸತ್ಯವತಿಯ ಈ ಕಥೆ ತನ್ನದಲ್ಲ, ಬಕುಲ್‌ಳ ಪುಸ್ತಕದಿಂದ ತೆಗೆದದ್ದು ಎಂಬ ಮಾತಿನಿಂದಲೇ ಮೊದಲ ಸಂಪುಟ ತೊಡಗುತ್ತದೆ. ಅಜ್ಜಿಯ ಕಥೆ ಬರೆದಿಟ್ಟ ಆ ಮೊಮ್ಮಗಳ ಬದುಕು ಪೂರ್ತಿ ತೆರೆಯುವುದು ಮೂರನೆಯದರಲ್ಲಿ. ಹಾಗಾಗಿ ಎರಡಕ್ಕೇ ನಿಲ್ಲಿಸಿದವರು ಕಥೆ ಹೇಳುತ್ತಿರುವವಳನ್ನೇ ಕಾಣದೆ ಉಳಿಯುತ್ತಾರೆ. ಇದಾದ ಮೇಲೆ ಮನೆಯೊಳಗಿನ ಬದುಕು ಬೇಕೆನಿಸಿದರೆ ಮಹಫೂಜ್, ಆಸ್ತಿ ಮತ್ತು ದಾಂಪತ್ಯದ ಜಗಳ ಬೇಕೆನಿಸಿದರೆ ಗಾಲ್ಸ್‌ವರ್ದಿ, ಯುದ್ಧಕಾಲದ ದೊಡ್ಡ ಮನೆ ಬೇಕೆನಿಸಿದರೆ ಹೋವರ್ಡ್. ಚೀನಾದ ಐದು ಸಂಪುಟಗಳನ್ನು ಇವುಗಳಲ್ಲಿ ಎರಡನ್ನಾದರೂ ಮುಗಿಸಿದ ಮೇಲೆ ಹಿಡಿಯುವುದು ಲೇಸು.

ತಮ್ಮಲ್ಲಿ ನಮ್ಮ ಕೋರಿಕೆ ಚಿಕ್ಕದು. ಬಹುಸಂಪುಟದ ಕಾದಂಬರಿಯನ್ನು ಪರಿಚಯಿಸುವಾಗ ಹೊಗಳಿಕೆಯ ಎರಡು ಸಾಲು ತೆಗೆದು ಆ ಜಾಗದಲ್ಲಿ ಈ ಬಗೆಯ ಟಿಪ್ಪಣಿ ಹಾಕಿಸಿ: ‘ಕ್ರಿಸ್ಟಿನ್ ಲಾವ್ರಾನ್ಸ್‌ದಾಟರ್: ಮೂರು ಸಂಪುಟ, ಒಂದೇ ಕಥೆ, ಮೊದಲನೆಯದರಿಂದಲೇ ಓದಬೇಕು. ನಾರ್ವೇಜಿಯನ್ ಮೂಲ 1920–22. ಟೀನಾ ನನ್ನಲಿ ಅವರ ಇಂಗ್ಲಿಷ್ ಅನುವಾದ ಪೂರ್ಣ, ಸುಮಾರು 1,100 ಪುಟ. ಹಳೆಯ ಅನುವಾದದಲ್ಲಿ ಮೊದಲ ಎರಡು ಸಂಪುಟಗಳ ಹೆಸರು ಬೇರೆ. ಮುನ್ನುಡಿ ಕೊನೆಗೆ ಓದಿ.’

ಇಂತಿ ತಮ್ಮ ವಿಶ್ವಾಸಿಗಳು,
ಬಹುಸಂಪುಟ ಕಾದಂಬರಿಗಳ ಕೆಲವು ಓದುಗರು